ಮೂಟೆಗೂ ಬೆಡ್‌ಶೀಟಿಗೂ ಜಾರುದಾರಿ: ಇಳಿಜಾರಿನ ಮನೆಯಲ್ಲಿ ಸಾಮಾನು ಇಳಿಸುವುದು ಹೇಗೆ

ಕೊಡಗಿನಲ್ಲಿ ಸಮತಟ್ಟು ಜಾಗದಲ್ಲಿ ಮನೆ ಕಟ್ಟುವ ಯೋಗ ಎಲ್ಲರಿಗೂ ಇರುವುದಿಲ್ಲ. ಮುಂದಿನ ಬಾಗಿಲು ಮೇಲಿನ ರಸ್ತೆಗೆ ತೆರೆದರೆ ಹಿಂದಿನ ಬಾಗಿಲು ಒಂದು ಮಹಡಿ ಕೆಳಗೆ, ಕಣ ಅದಕ್ಕೂ ಕೆಳಗೆ. ಹಾಗಾಗಿ ದಿನವಿಡೀ ಯಾರಾದರೊಬ್ಬರು ಏನನ್ನಾದರೂ ಹೊತ್ತುಕೊಂಡು ಮೆಟ್ಟಿಲು ಇಳಿಯುತ್ತಲೇ ಇರುತ್ತಾರೆ. ಹೋಮ್‌ಸ್ಟೇ ಇದ್ದರೆ ಬೆಡ್‌ಶೀಟು, ಟವೆಲ್ಲು. ತೋಟ ಇದ್ದರೆ ಕಾಫಿ ಮೂಟೆ, ಗೊಬ್ಬರದ ಚೀಲ. ಮೇಲಕ್ಕೆ ಹತ್ತಿಸಬೇಕಾದರೆ ಮೋಟಾರ್ ಬೇಕು, ಇಲ್ಲವೇ ಹೆಗಲು ಬೇಕು. ಕೆಳಗಿಳಿಸಲು ಮಾತ್ರ ಭೂಮಿಯೇ ಪುಕ್ಕಟೆಯಾಗಿ ಎಳೆಯುತ್ತದೆ. ಜುಲೈಯಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ಅದು ನಿಲ್ಲುವುದಿಲ್ಲ.

ನಮ್ಮ ಕಡೆ ಇದು ಹೊಸದೇನೂ ಅಲ್ಲ. ಹಳೆಯ ಎಸ್ಟೇಟುಗಳ ಪಲ್ಪರ್ ಮನೆಯನ್ನು ನೋಡಿ. ಹಣ್ಣು ಸುರಿಯುವ ತೊಟ್ಟಿ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ, ಅದಕ್ಕೂ ಕೆಳಗೆ ತೊಳೆಯುವ ಕಾಲುವೆ. ನೀರಿನ ಜೊತೆ ಕಾಫಿ ತಾನಾಗಿ ಇಳಿದು ಬರಲಿ ಅಂತಲೇ ಇಳಿಜಾರು ಹುಡುಕಿ ಕಟ್ಟಿದ್ದು. ಅದೇ ಬುದ್ಧಿಯನ್ನು ಮನೆಯೊಳಗೆ, ಗೋಡೌನ್ ಒಳಗೆ ತರುವುದಷ್ಟೇ ಈಗ ನಾವು ಮಾಡಬೇಕಾದ್ದು.

ಈ ಕೆಲಸಕ್ಕೆ ಕೈಹಾಕುವವರು ಮೊದಲು ಯೋಚಿಸುವುದು ಮೇಲಿನ ತುದಿಯ ಬಗ್ಗೆ. ಎಲ್ಲಿ ತೂತು ಕೊರೆಯುವುದು, ಎಂಥಾ ಬಾಗಿಲು ಇಡುವುದು, ಹೀಗೆ. ಅದು ಉಲ್ಟಾ. ಇಳಿಸುವುದು ಭೂಮಿಯ ಕೆಲಸ, ನಿಲ್ಲಿಸುವುದು ನಿಮ್ಮ ಕೆಲಸ. ಆದ್ದರಿಂದ ಕೆಳಗಿನ ತುದಿಯಿಂದ ಶುರು ಮಾಡಿ: ಸಾಮಾನು ಎಲ್ಲಿ ಬಂದು ನಿಲ್ಲಬೇಕು, ಅಲ್ಲಿ ಯಾರು ನಿಂತಿರುತ್ತಾರೆ, ಅವರ ಕಾಲು ಎಲ್ಲಿರುತ್ತದೆ, ಹಿಂದೆ ಗೋಡೆ ಇದೆಯೋ ಗಾಜಿನ ಕಿಟಕಿ ಇದೆಯೋ. ಇದು ಗೊತ್ತಾದ ಮೇಲೆ ಮೇಲಿನ ತೂತಿನ ಜಾಗ ತಾನಾಗಿ ತೀರ್ಮಾನವಾಗುತ್ತದೆ.

ಮೊದಲು ಮೂಟೆ

ಅಟ್ಟದಿಂದಲೋ ಮೇಲಿನ ಗೋಡೌನ್‌ನಿಂದಲೋ ಕೆಳಗಿನ ಪಿಕಪ್‌ಗೆ 50 ಕೆಜಿ ಮೂಟೆ ಇಳಿಸಲು ಪೈಪ್ ಬೇಡ, ತೆರೆದ ಜಾರುಹಲಗೆ ಸಾಕು. ಸಿಲ್ವರ್ ಓಕ್ ಹಲಗೆ ತೋಟದಲ್ಲೇ ಸಿಗುತ್ತದೆ. ಅದರ ಮೇಲೆ ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು) ಹೊದಿಸಿ, ಎರಡೂ ಬದಿಗೆ ಆರೇಳು ಇಂಚು ಎತ್ತರದ ತಡೆಹಲಗೆ ಹೊಡೆದರೆ ಆಯಿತು. ಅಗಲ ಎಷ್ಟು ಅಂದರೆ, ನಿಮ್ಮ ತುಂಬಿದ ಮೂಟೆಯನ್ನು ನೆಲದ ಮೇಲೆ ಮಲಗಿಸಿ ಅಳೆಯಿರಿ, ಅದಕ್ಕೆ ನಾಲ್ಕೈದು ಇಂಚು ಸೇರಿಸಿ. ಜಾಸ್ತಿ ಅಗಲ ಇಟ್ಟರೆ ಒಳ್ಳೆಯದಲ್ವಾ ಅಂತ ಅನ್ನಿಸಬಹುದು. ಅಲ್ಲ. ಜಾಗ ಸಿಕ್ಕರೆ ಮೂಟೆ ಅಡ್ಡ ತಿರುಗುತ್ತದೆ, ತಿರುಗಿದ್ದು ಎರಡು ತಡೆಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಬಂದ ಮೂಟೆ ಅದಕ್ಕೆ ಗುದ್ದುತ್ತದೆ.

ಇಳಿಜಾರು ಎಷ್ಟಿರಬೇಕು ಅನ್ನುವುದೇ ಮುಖ್ಯ ಪ್ರಶ್ನೆ. ಇದಕ್ಕೆ ಪುಸ್ತಕದ ಲೆಕ್ಕಕ್ಕಿಂತ ನಿಮ್ಮದೇ ಮೂಟೆ, ನಿಮ್ಮದೇ ಶೀಟು ವಾಸಿ. ಎಂಟು ಅಡಿ ಹಲಗೆಗೆ ಅದೇ ಜಿಐ ಶೀಟ್ ಹೊದಿಸಿ, ಮೇಲೆ ತುಂಬಿದ ಮೂಟೆ ಇಟ್ಟು, ಒಂದು ತುದಿಯನ್ನು ಇಬ್ಬರು ನಿಧಾನವಾಗಿ ಎತ್ತಿ. ಎತ್ತುತ್ತಾ ಮಧ್ಯೆ ಮಧ್ಯೆ ಮೂಟೆಯನ್ನು ಸ್ವಲ್ಪ ತಟ್ಟಿ. ಒಂದು ಹಂತದಲ್ಲಿ ತಟ್ಟಿದ ಮೂಟೆ ನಿಲ್ಲದೆ, ಓಡದೆ, ಒಂದೇ ವೇಗದಲ್ಲಿ ನಿಧಾನವಾಗಿ ಜಾರುತ್ತದೆ. ಅಲ್ಲೇ ನಿಲ್ಲಿಸಿ. ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಆ ತುದಿಯ ನೇರ ಕೆಳಗಿನ ಜಾಗದಿಂದ ಹಲಗೆಯ ಬುಡದವರೆಗೆ ನೆಲದ ಮೇಲೆ ಎಷ್ಟು ದೂರ ಅಂತ ಎರಡನ್ನೂ ಟೇಪ್ ಹಿಡಿದು ಅಳೆಯಿರಿ. ಎತ್ತರ ಎರಡೂವರೆ ಅಡಿ, ದೂರ ಏಳೂವರೆ ಅಡಿ ಬಂತು ಅಂತ ಇಟ್ಟುಕೊಳ್ಳಿ. ಅಂದರೆ 1 ಅಡಿ ಎತ್ತರಕ್ಕೆ 3 ಅಡಿ ದೂರ. ಆ 3 ನಿಮ್ಮ ಮೂಟೆಯ ನಂಬರ್. ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕು.

ಈ ನಂಬರ್‌ನಲ್ಲಿ ಒಂದು ಮಜಾ ಇದೆ. ಮೂಟೆಯನ್ನು 10 ಅಡಿ ಕೆಳಗಿಳಿಸಬೇಕು, ನಂಬರ್ 3. ಹಾಗಾದರೆ ಜಾರುಹಲಗೆಯೂ ಅದರ ಕೆಳಗಿನ ಸಮತಟ್ಟು ಭಾಗವೂ ಒಂದೇ ಶೀಟಿನದಾಗಿದ್ದರೆ, ಮೂಟೆ ಹೊರಟ ಜಾಗದಿಂದ ಅಡ್ಡಕ್ಕೆ ಸುಮಾರು 30 ಅಡಿ ಹೋಗಿ ನಿಲ್ಲುತ್ತದೆ, ಇಳಿಜಾರು ಎಷ್ಟೇ ಕಡಿದಾಗಿರಲಿ. ಎರಡು ಅಡಿಗೆ ಒಂದು ಅಡಿ ಇಳಿಯುವ ಹಲಗೆ ಇಟ್ಟರೆ ಅದೇ 20 ಅಡಿ ತಿನ್ನುತ್ತದೆ, ಕೆಳಗೆ 10 ಅಡಿ ಸಮತಟ್ಟು ಬೇಕು. ಜಾಗ ಉಳಿಸೋಣ ಅಂತ 45 ಡಿಗ್ರಿಗೆ ನಿಲ್ಲಿಸಿದರೆ ಹಲಗೆ ಹತ್ತೇ ಅಡಿಯಲ್ಲಿ ಮುಗಿಯುತ್ತದೆ, ಆದರೆ ಕೆಳಗೆ 20 ಅಡಿ ಬಿಡಬೇಕು. ಉಳಿಸಿದ್ದು ಏನೂ ಇಲ್ಲ, ಮೇಲಾಗಿ ಮೂಟೆ ಬರುವ ವೇಗ ಗಂಟೆಗೆ ಸುಮಾರು 16 ಕಿಲೋಮೀಟರ್ ಇದ್ದದ್ದು 23ಕ್ಕೆ ಏರುತ್ತದೆ. ಸುಮ್ನೆ ಮೇಲಿಂದ ಎಸೆದುಬಿಟ್ಟರೆ 28. ನಿಜದಲ್ಲಿ ಕೆಳಗಿನ ತಿರುವಿನಲ್ಲಿ ಸ್ವಲ್ಪ ವೇಗ ಸಾಯುತ್ತದೆ, ಅದು ನಿಮ್ಮ ಲಾಭಕ್ಕೆ. ಲೆಕ್ಕಕ್ಕೆ ಅದನ್ನು ಹಿಡಿಯಬೇಡಿ.

ಅಷ್ಟು ಸಮತಟ್ಟು ಜಾಗ ಯಾರ ಹತ್ತಿರ ಇರುತ್ತದೆ? ಇಲ್ಲದಿದ್ದರೆ ಕೆಳಗಿನ ಭಾಗಕ್ಕೆ ಶೀಟ್ ಬೇಡ, ಒರಟು ಹಲಗೆಯನ್ನೇ ಬಿಡಿ, ಅಥವಾ ಹಳೆಯ ರಬ್ಬರ್ ಮ್ಯಾಟ್ ಹೊಡೆಯಿರಿ. ನಿಲ್ಲುವ ದೂರ ಇಳಿಯುತ್ತದೆ. ಕೊನೆಯಲ್ಲಿ ಟಯರ್ ಕಟ್ಟಿದ ಅಡ್ಡಪಟ್ಟಿ ಇರಲಿ, ಆದರೆ ನಿಲ್ಲಿಸುವ ಕೆಲಸವನ್ನು ಪೂರ್ತಿ ಅದಕ್ಕೇ ಬಿಡಬೇಡಿ. ಪ್ರತಿ ಮೂಟೆಯೂ ಗುದ್ದಿಯೇ ನಿಲ್ಲುವುದಾದರೆ ಮೊದಲು ಹೊಲಿಗೆ ಬಿಚ್ಚುತ್ತದೆ, ಆಮೇಲೆ ಪಟ್ಟಿಯ ಬೋಲ್ಟ್.

ಹಲಗೆ ಮುಗಿದು ಸಮತಟ್ಟು ಶುರುವಾಗುವ ಜಾಗವನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಮೂಲೆ ಇದ್ದರೆ ಮೂಟೆಯ ಮೂತಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಹಿಂದಿನ ಭಾಗ ಮೇಲೆದ್ದು ಇಡೀ ಮೂಟೆ ಮಗುಚುತ್ತದೆ. ಮೂಲೆಯ ಬದಲು ಎರಡು ಮೂರು ಅಡಿ ಉದ್ದಕ್ಕೆ ಶೀಟನ್ನು ಬಾಗಿಸಿ, ಅದರ ಕೆಳಗೆ ಕಟ್ಟಿಗೆಯ ಆಧಾರ ಕೊಡಿ. ಬಾಗಿದ ಶೀಟಿನ ಕೆಳಗೆ ಟೊಳ್ಳು ಬಿಟ್ಟರೆ ಒಂದೇ ಸೀಸನ್‌ನಲ್ಲಿ ತಗ್ಗು ಬೀಳುತ್ತದೆ. ಇನ್ನೊಂದು, ಮೂಟೆ ಬಿಡುವಾಗ ಹೊಲಿದ ಬಾಯಿ ಯಾವಾಗಲೂ ಹಿಂದಕ್ಕಿರಲಿ. ಮುಂದಿದ್ದರೆ ಗುದ್ದು ಪೂರ್ತಿ ಹೊಲಿಗೆಗೇ ಬೀಳುತ್ತದೆ.

ಗೋಣಿಚೀಲದ ನಂಬರ್ ಬೇರೆ, ಪ್ಲಾಸ್ಟಿಕ್ ಚೀಲದ ನಂಬರ್ ಬೇರೆ. ಗೋಣಿಗೆ ಸರಿಹೋಗುವ ಹಲಗೆಯ ಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಟ್ಟರೆ ಅದು ಓಡಿಯೇ ಬರುತ್ತದೆ. ಎರಡನ್ನೂ ಇಳಿಸುವವರು ಎರಡನ್ನೂ ಅಳೆದು, ಇಳಿಜಾರನ್ನು ಗೋಣಿಗೂ ನಿಲ್ಲುವ ಜಾಗವನ್ನು ಪ್ಲಾಸ್ಟಿಕ್‌ಗೂ ಲೆಕ್ಕ ಹಾಕಿ ಮಾಡಬೇಕು. ಹವೆಯೂ ಲೆಕ್ಕಕ್ಕೆ ಬರುತ್ತದೆ. ಜನವರಿಯ ಒಣ ಹವೆಯಲ್ಲಿ ಚೆನ್ನಾಗಿ ಜಾರಿದ ಗೋಣಿ ಆಗಸ್ಟಿನ ತಣ್ಣನೆ ಹಸಿಯಲ್ಲಿ ಅರ್ಧದಲ್ಲೇ ನಿಂತುಬಿಡುತ್ತದೆ. ಹೇಗೂ ಅರೇಬಿಕಾ ಕುಯ್ಲು ನವೆಂಬರ್‌ನಿಂದ, ರೋಬಸ್ಟಾ ಜನವರಿಯ ಹೊತ್ತಿಗೆ, ಮೂಟೆಗಳ ಓಡಾಟ ಜಾಸ್ತಿ ಇರುವುದು ಮಳೆಯಿಲ್ಲದ ಒಣ ತಿಂಗಳುಗಳಲ್ಲೇ. ಅಳತೆಯನ್ನೂ ಆಗಲೇ ಮಾಡಿ.

ತೂಕದ ಬಗ್ಗೆ ಒಂದು ತಪ್ಪು ನಂಬಿಕೆ ಇದೆ. ಅರ್ಧ ಮೂಟೆಯಾದರೆ ನಿಧಾನ ಬರುತ್ತದೆ ಅಂದುಕೊಳ್ಳುತ್ತಾರೆ. ವೇಗ ಹೆಚ್ಚುಕಡಿಮೆ ಒಂದೇ. ತಗುಲಿದಾಗ ಆಗುವ ಏಟು ಮಾತ್ರ ಬೇರೆ. 50 ಕೆಜಿ ಮೂಟೆ ಸೈಕಲ್ ವೇಗದಲ್ಲಿ ಬಂದು ಕಣಕಾಲಿಗೆ ಬಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗಿನವರು ಹಲಗೆಯ ಎದುರು ನಿಲ್ಲಲೇಬಾರದು, ಪಕ್ಕದಲ್ಲಿ ನಿಲ್ಲಬೇಕು. ಮೇಲಿನವರಿಗೆ ಕೆಳಗೆ ಕಾಣದಿದ್ದರೆ ಒಂದು ಹಗ್ಗ, ಒಂದು ಗಂಟೆ. ಕೆಳಗಿನವರು ಹಗ್ಗ ಎಳೆದು ಗಂಟೆ ಬಾರಿಸಿದ ಮೇಲೆಯೇ ಮುಂದಿನ ಮೂಟೆ. ಕೂಗಿ ಹೇಳುತ್ತೇವೆ ಅನ್ನುವ ಪದ್ಧತಿಗೆ ನನ್ನ ವಿರೋಧವಿದೆ. ಹಂಚಿನ ಮೇಲೆ ಮಳೆ ಸುರಿಯುವಾಗ "ಬಿಡು" ಅಂದದ್ದೂ "ಬಿಡಬೇಡ" ಅಂದದ್ದೂ ಒಂದೇ ಥರ ಕೇಳಿಸುತ್ತದೆ. ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗೆ ಇದನ್ನು ಒಮ್ಮೆ ಸರಿಯಾಗಿ ಹೇಳಿಬಿಟ್ಟರೆ ಅವರು ಕೆಲಸದವರಿಂದ ಮಾಡಿಸುತ್ತಾರೆ.

ಪಿಕಪ್‌ಗೆ ನೇರವಾಗಿ ತುಂಬುವುದಾದರೆ ಸಮತಟ್ಟು ಭಾಗದ ಎತ್ತರವನ್ನು ಗಾಡಿಯ ಹಲಗೆಯ ಎತ್ತರಕ್ಕೇ ತನ್ನಿ. ನಿಮ್ಮ ಗಾಡಿಯನ್ನೇ ನಿಲ್ಲಿಸಿ ಅಳೆಯಿರಿ, ಖಾಲಿ ಇದ್ದಾಗ ಒಂದು ಎತ್ತರ, ತುಂಬಿದ ಮೇಲೆ ಸ್ಪ್ರಿಂಗ್ ಕುಗ್ಗಿ ಇನ್ನೊಂದು.

ಜಾಗ ತೀರಾ ಇಕ್ಕಟ್ಟಾದರೆ ಸುರುಳಿ ಜಾರು ಮಾಡಿಸೋಣವೇ ಅಂತ ಕೇಳುವವರಿದ್ದಾರೆ. ದೊಡ್ಡ ಗೋದಾಮುಗಳಲ್ಲಿ ಇರುತ್ತದೆ ನಿಜ. ಆದರೆ ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಶೀಟನ್ನು ಆ ಥರ ತಿರುಚಿ ನಯವಾಗಿ ಕೂರಿಸುವುದು ಕಷ್ಟ. ಅದರ ಬದಲು ಎರಡು ಚಿಕ್ಕ ಹಲಗೆ, ನಡುವೆ ಒಂದು ಕಟ್ಟೆ, ಅಲ್ಲಿ ಒಬ್ಬರು ನಿಂತು ಮೂಟೆ ತಿರುಗಿಸಲಿ.

ಬೆಡ್‌ಶೀಟಿನ ಕೊಳವೆ

ಹೋಮ್‌ಸ್ಟೇಯಲ್ಲಿ ಲಾಂಡ್ರಿ ಶೂಟ್, ಅಂದರೆ ಒಗೆಯುವ ಬಟ್ಟೆಯನ್ನು ಮೇಲಿಂದ ಕೆಳಗೆ ಬೀಳಿಸುವ ಕೊಳವೆ, ಬೇಕಾ? ಎರಡು ರೂಮಿದ್ದರೆ ಬೇಡ, ಬುಟ್ಟಿ ಹಿಡಿದು ಇಳಿಯಿರಿ. ಮೇಲಿನ ಮಹಡಿಯಲ್ಲಿ ನಾಲ್ಕೈದು ರೂಮಿದ್ದು, ವಾರಾಂತ್ಯದಲ್ಲಿ ಒಂದು ಗುಂಪು ಹೋದ ಬೆನ್ನಿಗೇ ಇನ್ನೊಂದು ಬರುವಂತಿದ್ದರೆ ಆಗ ಅರ್ಥವಿದೆ.

ಬಟ್ಟೆಗೆ ವೇಗದ ಚಿಂತೆ ಇಲ್ಲ, ಸಿಕ್ಕಿಕೊಳ್ಳುವ ಚಿಂತೆ. ಆದ್ದರಿಂದ ಕೊಳವೆ ನೆಟ್ಟಗೆ ಇರಲಿ, ದುಂಡಗೆ ಇರಲಿ. ಚೌಕದ ಮೂಲೆಗಳಲ್ಲಿ ಬಟ್ಟೆ ಕಚ್ಚಿಕೊಳ್ಳುತ್ತದೆ. ಮನೆಯವರ ಬಟ್ಟೆಗಾದರೆ 12 ಇಂಚು ಸಾಕು. ಡಬಲ್ ಬೆಡ್‌ಶೀಟ್ ಸುತ್ತಿ ಹಾಕುವ ಕಡೆ ಒಳಗಿನ ವ್ಯಾಸ 15ರಿಂದ 18 ಇಂಚು ಇಡಿ. ಎಲ್ಲಾದರೂ ತಿರುಗಿಸಲೇಬೇಕಾದರೆ ಒಂದೇ ತಿರುವು, ಅದೂ 45 ಡಿಗ್ರಿಗಿಂತ ಚಪ್ಪಟೆಯಾಗದ ಹಾಗೆ. ಶೀಟ್ ಜಿಐ ಆದರೂ ನಡೆಯುತ್ತದೆ, ಕೈಯಲ್ಲಿ ದುಡ್ಡಿದ್ದರೆ ಸ್ಟೀಲ್ ಹಾಕಿಸಿ. ನಮ್ಮ ಮಳೆಗೆ ಕತ್ತರಿಸಿದ ಅಂಚಿನಿಂದ ಜಿಐ ತುಕ್ಕು ಹಿಡಿಯುತ್ತದೆ, ಬಿಳಿ ಬೆಡ್‌ಶೀಟಿಗೆ ಬಿದ್ದ ತುಕ್ಕಿನ ಕಲೆ ಯಾವ ಸೋಪಿಗೂ ಸುಲಭವಾಗಿ ಬಗ್ಗುವುದಿಲ್ಲ.

ಫ್ಯಾಬ್ರಿಕೇಶನ್ ಮಾಡುವವರಿಗೆ ಎರಡು ಮಾತು ಒತ್ತಿ ಹೇಳಿ. ಒಂದು, ಮೇಲಿನ ತುಂಡು ಕೆಳಗಿನ ತುಂಡಿನ ಒಳಗೆ ಇಳಿಯಬೇಕು, ಹೆಂಚು ಹೊದಿಸುವ ಕ್ರಮದಲ್ಲೇ. ಉಲ್ಟಾ ಕೂರಿಸಿದರೆ ಪ್ರತಿ ಜೋಡಣೆಯಲ್ಲೂ ಒಂದು ಅಂಚು ಬಟ್ಟೆಗೆ ಎದುರಾಗಿ ನಿಲ್ಲುತ್ತದೆ. ಎರಡು, ಸ್ಕ್ರೂ ಬೇಡ. ಪಾಪ್ ರಿವೆಟ್ ಹೊಡೆಯಲಿ, ಅದರ ಚಪ್ಪಟೆ ತಲೆ ಒಳಬದಿಗೆ, ಒಡೆದ ಬಾಲ ಹೊರಬದಿಗೆ. ಹೊರಗಿನಿಂದ ಹೊಡೆಯುವುದು ಸುಲಭ ಅಂತ ಬಾಲವನ್ನು ಒಳಗೆ ಬಿಡುತ್ತಾರೆ. ಆ ಬಾಲದ ತುದಿ ಅಕ್ಕಿಕಾಳಿಗಿಂತ ಚಿಕ್ಕದು, ಆದರೆ ಬೆಡ್‌ಶೀಟಿನ ಒಂದು ಎಳೆ ಅದಕ್ಕೆ ಸಿಕ್ಕರೆ ಇಡೀ ಗಂಟು ಅಲ್ಲೇ ನೇತಾಡುತ್ತದೆ. ಗೋಡೆಯಲ್ಲಿ ಮುಚ್ಚುವ ಮೊದಲು ಹಳೆಯ ನೈಲಾನ್ ಸೀರೆಯೊಂದನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದು ನೋಡಿ. ಎಲ್ಲಿ ಹಿಡಿಯಿತೋ ಅಲ್ಲಿ ಫೈಲ್ ಹಾಕಿ ಉಜ್ಜಿ.

ಮಧ್ಯದಲ್ಲಿ ಒಂದು ಇಣುಕು ಬಾಗಿಲು ಬಿಡಿ. ಅಮೆರಿಕದ ರಾಚೆಸ್ಟರ್‌ನಲ್ಲಿ 1884ರಲ್ಲಿ ಕಟ್ಲರ್ ಎಂಬಾತ ಎಲ್‌ವುಡ್ ಬಿಲ್ಡಿಂಗಿನಲ್ಲಿ ಮೇಲಿನ ಮಹಡಿಗಳಿಂದ ಕಾಗದ ಕೆಳಗಿನ ಅಂಚೆ ಪೆಟ್ಟಿಗೆಗೆ ಬೀಳುವ ಕೊಳವೆ ಕೂರಿಸಿದ್ದ. ಮುಂದೆ ಅಂಥ ಕೊಳವೆಗಳು ದೊಡ್ಡ ಹೋಟೆಲು, ಆಫೀಸುಗಳಲ್ಲೆಲ್ಲ ಬಂದವು, ಎದುರಿಗೆ ಗಾಜು ಹಾಕಿ. ಚಂದಕ್ಕಲ್ಲ, ಕಾಗದ ಎಲ್ಲಿ ಸಿಕ್ಕಿದೆ ಅಂತ ಕಾಣಲಿ ಎಂದು. ಅಷ್ಟು ಹಗುರದ ಕಾಗದವೇ ಸಿಕ್ಕಿಕೊಳ್ಳುವುದಾದರೆ ಟರ್ಕಿ ಟವೆಲ್ ಬಿಡುತ್ತದೆಯೇ?

ತೂತು ಎಲ್ಲಿ ಕೊರೆಯುವುದು? ಹೊಸ ಮನೆಯಾದರೆ ಸೆಂಟ್ರಿಂಗ್ ಹೊಡೆಯುವಾಗಲೇ ಮೇಸ್ತ್ರಿಗೆ ಹೇಳಿ ಅಲ್ಲಿ ಪೆಟ್ಟಿಗೆ ಇಟ್ಟು ಜಾಗ ಬಿಡಿಸಿ, ಸುತ್ತ ಹೆಚ್ಚಿನ ಕಂಬಿ ಹಾಕಿಸಿ. ಆಗಲೇ ಇರುವ ಸ್ಲ್ಯಾಬ್ ಆದರೆ ಇಂಜಿನಿಯರ್ ಬಂದು ನೋಡದೆ ಗ್ರೈಂಡರ್ ಮುಟ್ಟಬೇಡಿ. 18 ಇಂಚಿನ ತೂತು ಅಂದರೆ ಹಲವು ಕಂಬಿ ಕತ್ತರಿಸಿದಂತೆ. ಹಳೆಯ ಮನೆಯ ಮರದ ಅಟ್ಟದಲ್ಲಿ ಸಲೀಸು, ಎರಡು ಜಂತೆಗಳ ನಡುವೆ ಎಷ್ಟು ಜಾಗವಿದೆಯೋ ಅಷ್ಟೇ ಅಗಲದ ಕೊಳವೆ, ಜಂತೆ ಕತ್ತರಿಸುವ ಮಾತೇ ಇಲ್ಲ. ಕೊಳವೆಯನ್ನು ಮಳೆ ಬಡಿಯುವ ಹೊರಗೋಡೆಗೆ ತಾಗಿಸಬೇಡಿ. ತಣ್ಣಗಿನ ತಗಡಿನ ಒಳಗೆ ನೀರು ಬೆವರುತ್ತದೆ, ಬಟ್ಟೆ ಅಂಟುತ್ತದೆ, ಬೂಷ್ಟು ವಾಸನೆ ಶುರುವಾಗುತ್ತದೆ. ಒಳಗೋಡೆಯ ಪಕ್ಕ, ಕಪಾಟಿನ ಒಳಗೆ ಹೋದರೆ ಉತ್ತಮ.

ಒದ್ದೆ ಬಟ್ಟೆ ಹಾಕಲೇಬಾರದು. ಇದು ಗೆಸ್ಟ್‌ಗಳಿಗೆ ಅರ್ಥವಾಗುವುದಿಲ್ಲ, ಆದ್ದರಿಂದ ಬಾಗಿಲಿಗೆ ಬೀಗ ಇರಲಿ, ಕೀ ರೂಮ್ ಕ್ಲೀನ್ ಮಾಡುವವರ ಹತ್ತಿರ ಮಾತ್ರ. ಟ್ರೆಕ್ಕಿಂಗ್ ಮುಗಿಸಿ ಬಂದವರ ಕಾಲುಚೀಲವಂತೂ ದೂರವೇ ಇರಲಿ. ಅದರಲ್ಲಿ ಇಂಬಳ ಇದ್ದರೆ ಕೆಳಗೆ ಬಟ್ಟೆ ವಿಂಗಡಿಸುವವರ ಕೈಗೆ ಹತ್ತುತ್ತದೆ. ಬೀಗಕ್ಕೆ ಇನ್ನೂ ದೊಡ್ಡ ಕಾರಣ ಮಕ್ಕಳು. 15 ಇಂಚಿನ ಕೊಳವೆಯಲ್ಲಿ ಚಿಕ್ಕ ಮಗು ಇಳಿಯುತ್ತದೆ. ಬಾಯಿ ನೆಲದಿಂದ ಮೂರೂವರೆ ಅಡಿಗಿಂತ ಕೆಳಗೆ ಬೇಡ, ಕೆಳಗೆ ಸ್ಟೂಲ್, ಕುರ್ಚಿ ಇಡಬೇಡಿ. ಕೆಳಗಂಚಿಗೆ ಹಿಂಜ್ ಇರುವ, ತೆರೆದಾಗ ತನ್ನ ಹಿಂಬದಿಯಿಂದಲೇ ಕೊಳವೆಯ ಬಾಯಿ ಮುಚ್ಚುವ ಅಂಚೆ ಪೆಟ್ಟಿಗೆ ಥರದ ಬಾಗಿಲು ಎಲ್ಲಕ್ಕಿಂತ ಒಳ್ಳೆಯದು.

ಬೆಂಕಿಯ ವಿಷಯ

ನೆಟ್ಟಗೆ ನಿಂತ ಟೊಳ್ಳು ಕೊಳವೆ ಅಂದರೆ ಹೊಗೆಗೂಡು. ಕೆಳಗೆ ಬಿಸಿಯಾದರೆ ಗಾಳಿ ಮೇಲಕ್ಕೆ ಎಳೆಯುತ್ತದೆ. ನಮ್ಮ ಮನೆಗಳಲ್ಲಿ ಬಟ್ಟೆ ಒಗೆಯುವ ಜಾಗದ ಪಕ್ಕದಲ್ಲೇ ಹಂಡೆ ಒಲೆ ಇರುತ್ತದೆ, ಅದಕ್ಕೆ ಕಾಫಿ ಗಿಡದ ಕಟ್ಟಿಗೆ ಉರಿಯುತ್ತಿರುತ್ತದೆ. ಅಲ್ಲೇ ಮೇಲಿಂದ ಬಟ್ಟೆ ರಾಶಿ ಬೀಳುವಂತೆ ಮಾಡಿದರೆ ಒಂದು ಕಿಡಿ ಸಾಕು, ಹೊಗೆ ನೇರ ಮಲಗುವ ಕೋಣೆಗಳ ಹೊರಗೆ ಎದ್ದು ನಿಲ್ಲುತ್ತದೆ. 1961ರ ಡಿಸೆಂಬರ್ 8ರಂದು ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ಕಸದ ಶೂಟ್‌ನಲ್ಲಿ ಹತ್ತಿದ ಬೆಂಕಿ ಮೇಲಿನ ಮಹಡಿಯೊಂದಕ್ಕೆ ನುಗ್ಗಿ 16 ಜನ ಸತ್ತರು. ಅಂಥ ಅನಾಹುತ ದೊಡ್ಡ ಕಟ್ಟಡಕ್ಕೆ ಮಾತ್ರ ಅಂತ ತಳ್ಳಿಹಾಕುವ ಹಾಗಿಲ್ಲ, ಮರದ ಅಟ್ಟದ ಮನೆಯಲ್ಲಿ ಉರಿಯಲು ಇನ್ನೂ ಜಾಸ್ತಿ ಸಾಮಾನಿದೆ.

ಆದ್ದರಿಂದ ಹಂಡೆ ಒಲೆ ಇರುವ ಕೋಣೆಗೆ ಶೂಟ್ ಇಳಿಯಕೂಡದು, ನಡುವೆ ಗೋಡೆ ಮತ್ತು ಬಾಗಿಲು ಬೇಕು. ಕೊಳವೆಗೆ ಪಿವಿಸಿ ಬೇಡ, ಅಗ್ಗ ಅಂತ ಎಷ್ಟೇ ಆಸೆ ಆದರೂ. ಮೇಲಿನ, ಕೆಳಗಿನ ಬಾಗಿಲು ಎರಡೂ ತಗಡಿನದಾಗಿದ್ದು, ಕೈಬಿಟ್ಟ ತಕ್ಷಣ ಸ್ಪ್ರಿಂಗ್‌ನಿಂದ ತಾವಾಗಿ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ದೊಡ್ಡ ಹೋಟೆಲುಗಳಲ್ಲಿ ಕೆಳಗಿನ ಬಾಗಿಲನ್ನು ತೆರೆದೇ ಇಟ್ಟು, ಸುಮಾರು 74 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಲೋಹದ ಕೊಂಡಿಯಲ್ಲಿ ಹಿಡಿಸಿರುತ್ತಾರೆ. ಬೆಂಕಿ ಬಂದರೆ ಕೊಂಡಿ ಕರಗಿ ಬಾಗಿಲು ಮುಚ್ಚುತ್ತದೆ. ಲಾಡ್ಜ್, ರೆಸಾರ್ಟ್ ಕಟ್ಟುವವರು ಇದನ್ನೆಲ್ಲ ಸ್ವಂತ ಬುದ್ಧಿಯಿಂದ ಮಾಡದೆ ಅಗ್ನಿಶಾಮಕ ನಿಯಮ ಗೊತ್ತಿರುವವರಿಂದಲೇ ಡ್ರಾಯಿಂಗ್ ಮಾಡಿಸಬೇಕು. ಮೆಟ್ಟಿಲಿನ ಪಕ್ಕ, ಓಡಿ ತಪ್ಪಿಸಿಕೊಳ್ಳುವ ದಾರಿಯಲ್ಲಿ ಶೂಟಿನ ಬಾಯಿ ಇಡುವುದು ಎಲ್ಲಕ್ಕಿಂತ ಕೆಟ್ಟ ಜಾಗ.

ಕೊಳವೆಯ ತಲೆಯನ್ನು ಮಾಡಿನ ಮೇಲಕ್ಕೆ ತೆಗೆದು ಗಾಳಿ ಬಿಡುವುದು ವಾಸನೆಗೂ ಹೊಗೆಗೂ ಒಳ್ಳೆಯದು. ಆದರೆ ನಮ್ಮ ಮಳೆ ಮೇಲಿಂದ ಮಾತ್ರ ಬೀಳುವುದಿಲ್ಲ, ಗಾಳಿಯ ಜೊತೆ ಅಡ್ಡಕ್ಕೂ ಹೊಡೆಯುತ್ತದೆ. ಟೋಪಿಯ ಅಂಚು ಚೆನ್ನಾಗಿ ಕೆಳಗಿಳಿದಿರಲಿ, ಸಣ್ಣ ಕಣ್ಣಿನ ಸ್ಟೀಲ್ ಮೆಶ್ ಇರಲಿ. ಇಲ್ಲದಿದ್ದರೆ ಇಲಿ, ಬಾವಲಿ, ಕಣಜ, ಕೊನೆಗೆ ಅವುಗಳ ಹಿಂದೆಯೇ ಹಾವು.

ಕಾಳು ಮತ್ತು ಕಸ

ಒಣ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಹಣ್ಣು ಸುಲಿದು ಒಣಗಿಸಿದ, ಒಳಸಿಪ್ಪೆ ಇರುವ ಕಾಫಿ ಬೀಜ), ಕರಿಮೆಣಸನ್ನು ಮೂಟೆ ಕಟ್ಟದೆ ಪೈಪಿನಲ್ಲೇ ಇಳಿಸುವುದಾದರೆ 45 ಡಿಗ್ರಿಗಿಂತ ಚಪ್ಪಟೆ ಇಡಬೇಡಿ, ಕಾಳಿನಲ್ಲಿ ತೇವ ಇದ್ದರೆ ಇನ್ನೂ ಕಡಿದು ಮಾಡಿ. ತಡೆಬಾಗಿಲು ಕೆಳತುದಿಯಲ್ಲಿ ಇರಲಿ, ಮೇಲಲ್ಲ. ಪೈಪ್ ಯಾವಾಗಲೂ ತುಂಬಿಕೊಂಡು ನಿಧಾನವಾಗಿ ಜರುಗಿದರೆ ಪಾರ್ಚ್‌ಮೆಂಟಿನ ಸಿಪ್ಪೆ ಒಡೆಯುವುದಿಲ್ಲ. ಮೇಲೆ ತಡೆದು ಬಿಟ್ಟರೆ ಪ್ರತಿ ಕಾಳೂ ಎತ್ತರದಿಂದ ಬಿದ್ದು ಬಡಿದುಕೊಳ್ಳುತ್ತದೆ.

ಕಸಕ್ಕೆ ಶೂಟ್ ಬೇಡವೇ ಬೇಡ. ಘನತ್ಯಾಜ್ಯ ನಿಯಮದ ಪ್ರಕಾರ ಬಗೆಬಗೆಯ ಕಸವನ್ನು ಮನೆಯಲ್ಲೇ ಬೇರೆ ಮಾಡಬೇಕು, ಒಂದೇ ಕೊಳವೆಯಲ್ಲಿ ಎಲ್ಲ ಬೆರೆಯುತ್ತದೆ. ಎರಡು ಮಹಡಿಯ ಮನೆಗೆ ಒಂದೊಂದು ಬಗೆಗೆ ಒಂದು ಬಕೆಟ್ ಸಾಕು.

ಉಳಿದದ್ದು ನೋಡಿಕೊಳ್ಳುವ ಕೆಲಸ. ಜಾರುಹಲಗೆ ಸರಿಯಾಗಿ ಜಾರುತ್ತಿಲ್ಲ ಅಂತ ಎಣ್ಣೆ, ಗ್ರೀಸ್, ಡೀಸೆಲ್ ಸವರಬೇಡಿ. ಕಾಫಿ ಯಾವ ವಾಸನೆಯನ್ನಾದರೂ ಹೀರಿಕೊಳ್ಳುತ್ತದೆ, ಗೋಣಿಗೆ ಹತ್ತಿದ ಡೀಸೆಲ್ ಕಪ್ಪಿನವರೆಗೂ ಬರುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಸಾಲದಿದ್ದರೆ ಬಿಳಿ ಮೇಣದಬತ್ತಿ ತಿಕ್ಕಿ, ತಿಕ್ಕಿದ ಮೇಲೆ ಮೂಟೆಯ ನಂಬರ್ ಬದಲಾಗಿರುತ್ತದೆ, ಇನ್ನೊಮ್ಮೆ ಅಳೆಯಿರಿ. ಮೇ ಕೊನೆಯಲ್ಲಿ ಹೊರಗಿರುವ ಹಲಗೆಯನ್ನು ಬೋಲ್ಟ್ ಬಿಚ್ಚಿ ಒಳಗೆ ಒಯ್ದು, ಶೀಟ್ ಒಣಗಿಸಿ ಗೋಡೆಗೆ ಒರಗಿಸಿ ನಿಲ್ಲಿಸಿ, ಮಲಗಿಸಬೇಡಿ, ತೇವ ನಿಲ್ಲುತ್ತದೆ.